ಕಡ್ಡಿಯಿಂದ ಆಚೆಗೆ ಒಂದು ಗೇಣು

ಆ ವರ್ಷ ಜುಲೈ ತಿಂಗಳ ಕೊನೆಯ ಬುಧವಾರ, ಸಂಜೆ ನಾಲ್ಕರ ಹೊತ್ತಿಗೆ, ನಾನು ಮಂಗಳೂರು ದಕ್ಕೆಯ, ಎಂದರೆ ಮೀನುಗಾರಿಕೆ ಬಂದರಿನ, ಒಂದು ಐಸ್ ಪ್ಲಾಂಟಿನೊಳಗೆ, ಪುಡಿ ಐಸ್ ಹಾಸಿದ ಹಾದಿಯ ಕೆಳತುದಿಯಲ್ಲಿ ನಿಂತಿದ್ದೆ. ನನ್ನ ಬೆನ್ನಿಗೆ ಉಪ್ಪಿನ ಮೂಟೆಗಳನ್ನು ಇಡುವ ಕೋಣೆಯ ಗೋಡೆ. ಎಡಗಾಲಿನ ಹತ್ತಿರ ಐಸಿನಲ್ಲಿ ಊರಿದ ಒಂದು ತೆಂಗಿನ ಗರಿಯ ಕಡ್ಡಿ. ಕರೆಂಟು ಇರಲಿಲ್ಲ. ಹೊಳೆಯ ಕಡೆಗೆ ತೆರೆದ ದೊಡ್ಡ ಬಾಗಿಲಿನಿಂದ ಬರುತ್ತಿದ್ದ ಮಳೆಯ ಬೆಳಕು ಮಾತ್ರ ಇತ್ತು. ಆದರೂ ಕಡ್ಡಿ ಸರಿಯಾಗಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಬೇಕಾದದ್ದೆಲ್ಲ ಆ ಕಡ್ಡಿ ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ.

ಈಗ ಬರೆಯಲು ಕಾರಣ, ಕಳೆದ ವಾರ ಬಲ್ಮಠದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೂಗಿಗೆ ಬಂದ ಒಂದು ವಾಸನೆ. ನಿಲ್ದಾಣದ ಹಿಂದಿನ ಲಾಂಡ್ರಿಯವನು ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ತೆಂಗಿನ ಗೆರಟೆಯ ಕೆಂಡಕ್ಕೆ ಗಾಳಿ ಹಾಕುತ್ತಿದ್ದ. ಒಳ್ಳೆಯ ವಾಸನೆಯೇ, ಚಿಕ್ಕಂದಿನಿಂದ ಗೊತ್ತಿದ್ದದ್ದು. ನಾನು ಅಲ್ಲಿಂದ ಎದ್ದು ಮುಂದಿನ ಸ್ಟಾಪಿನವರೆಗೆ ನಡೆದೆ. ಕೈಯಲ್ಲಿದ್ದ ಕೊಡೆಯನ್ನು ಬಿಡಿಸಿಲ್ಲ ಎಂದು ಗೊತ್ತಾದದ್ದು ಅಂಗಿ ಪೂರ್ತಿ ಒದ್ದೆಯಾದ ಮೇಲೆ.

ನಾನು ಐಸ್ ಪ್ಲಾಂಟಿನ ಮೆಕ್ಯಾನಿಕ್. ಅಜ್ಜ ಮತ್ತು ಅಪ್ಪ ಕಡಲಿಗೆ ಹೋದವರು. ನಾನು ಹೋಗಲಿಲ್ಲ, ಅವರ ಮೀನಿಗೆ ಬೇಕಾದ ಐಸಿನ ಹತ್ತಿರ ಉಳಿದೆ. ಮಳೆಗಾಲದ ಆರಂಭದ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಕಟ್ಟಿಕೊಂಡು ನಿಂತಿರುತ್ತವೆ, ಬಲೆ ಕಟ್ಟುವವರು ಚಪ್ಪರದಡಿ ಕುಳಿತಿರುತ್ತಾರೆ, ನಮ್ಮ ಪ್ಲಾಂಟು ನಾಡದೋಣಿಯವರಿಗಾಗಿ ಅರ್ಧಂಬರ್ಧ ನಡೆಯುತ್ತದೆ. ಆ ವರ್ಷ ಅಂಥ ಜೂನ್ ತಿಂಗಳ ನಡುವೆ ಯಶವಂತ ಬಾವ ರಜೆಯಲ್ಲಿ ಬಂದರು.

ಯಶವಂತ ಬಾವ ನನ್ನ ತಂಗಿ ಶಶಿಕಲಾಳ ಗಂಡ. ನಾನು ಅವರಿಗೆ ಬಾವ, ಅವರು ನನಗೆ ಬಾವ. ಮನೆ ವಾಮಂಜೂರಿನಲ್ಲಿ. ಗಲ್ಫಿನ ಒಂದು ನಗರದಲ್ಲಿ, ಹೊರಗೆ ಮರಳು ಕಾಯುತ್ತಿರುವಾಗ ಒಳಗೆ ಹಿಮ ಸುರಿಸುವ ಒಂದು ದೊಡ್ಡ ಹಾಲ್ ಇದೆ. ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಜನ ಅಲ್ಲಿ ಇಳಿಜಾರಿನಲ್ಲಿ ಜಾರುತ್ತಾರೆ. ಆ ಸ್ಕೀ ಹಲಗೆಗಳ ತಳಕ್ಕೆ ಮೇಣ ಹಚ್ಚುವುದು ಬಾವನ ಕೆಲಸ. ಬಿಸಿ ಇಸ್ತ್ರಿಪೆಟ್ಟಿಗೆಗೆ ಮೇಣದ ಬಿಲ್ಲೆ ಒತ್ತಿ ತೊಟ್ಟಿಕ್ಕಿಸುವುದು, ಹಲಗೆಯ ಉದ್ದಕ್ಕೂ ಎಳೆಯುವುದು, ಆರಿದ ಮೇಲೆ ಹೆರೆದು ತೆಗೆಯುವುದು, ಬ್ರಷ್ ಹಾಕುವುದು. ಹನ್ನೆರಡು ವರ್ಷ ಅದನ್ನೇ ಮಾಡಿದ್ದರು. ಮಂಗಳೂರಿನಲ್ಲಿ ಯಾರಾದರೂ ಕೇಳಿದರೆ ಇಸ್ತ್ರಿ ಹಾಕುವ ಕೆಲಸ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ವೇಗ ಬೇಕಾದವರ ಹಲಗೆಗೆ ಹಾಕುತ್ತಿದ್ದ ಮೇಣದಲ್ಲಿ ಫ್ಲೋರಿನ್ ಸೇರಿದ ರಾಸಾಯನಿಕ ಇರುತ್ತಿತ್ತು. ನಾನ್‌ಸ್ಟಿಕ್ ಬಾಣಲೆಗೆ ಹಾಕುವ ಜಾತಿಯದ್ದು. ನೀರನ್ನು ಹತ್ತಿರ ಬಿಡುವುದಿಲ್ಲ, ಒದ್ದೆ ಹಿಮದಲ್ಲಿ ಅದರಷ್ಟು ಓಡುವುದು ಬೇರೆ ಇಲ್ಲ ಎಂದು ಹೆಸರು. ಆದರೆ ಒಮ್ಮೆ ಮಣ್ಣಿಗೆ, ನೀರಿಗೆ, ಮೈಗೆ ಸೇರಿದರೆ ಸುಲಭಕ್ಕೆ ಹೋಗುವಂಥದ್ದಲ್ಲ. ಅತಿ ಬಿಸಿಯಾದರೆ ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಬಾವನಿಗೆ ಎರಡು ವರ್ಷಗಳಿಂದ ಕೆಮ್ಮು ಇತ್ತು. ಅಲ್ಲಿನ ಡಾಕ್ಟರರೂ ಇಲ್ಲಿನ ಡಾಕ್ಟರರೂ ಆ ಹೊಗೆಯ ಹತ್ತಿರ ಹೋಗಬೇಡಿ ಎಂದಿದ್ದರು. ಫ್ಲೋರಿನ್ ಇಲ್ಲದ ಮೇಣಗಳು ಮಾರ್ಕೆಟಿಗೆ ಬಂದಿದ್ದವು. ಆದರೆ ಅವು ಓಡುವುದಿಲ್ಲ ಎಂಬುದು ರೇಸಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಯರ ತಕರಾರು. ಮೇಣದ ಕೋಣೆಯ ಮೇಲ್ವಿಚಾರಕ, ಬಾವನ ಮೇಲಿನವನು, ಒಂದು ಮಾತು ಹೇಳಿ ಕಳಿಸಿದ್ದ: ಹಳೆಯದಕ್ಕೆ ಸಮ ಎನ್ನಬಹುದಾದ ಒಂದು ಮೇಣ ತೋರಿಸು, ಕೋಣೆಯಿಂದ ಹಳೆಯದನ್ನು ತೆಗೆಸುತ್ತೇನೆ. ಇಲ್ಲದಿದ್ದರೆ ಇದ್ದ ಹಾಗೆ ನಡೆಯುತ್ತದೆ. ಇದ್ದ ಹಾಗೆ ನಡೆದರೆ ಬಾವ ಹೊಗೆಗೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಮೂರನೆಯ ದಾರಿ ಇರಲಿಲ್ಲ. ಅಲ್ಲಿನ ಹಿಮದ ಮೇಲೆ ಪರೀಕ್ಷೆ ಮಾಡಲು ಮೇಣದ ಕೋಣೆಯವರಿಗೆ ಸಮಯ ಸಿಗುವುದಿಲ್ಲ. ಹಾಗಾಗಿ ಬಾವ ನಾಲ್ಕು ಹಳೆಯ ಮಕ್ಕಳ ಹಲಗೆಗಳನ್ನೂ ಒಂದು ಡಬ್ಬಿ ಬಣ್ಣಬಣ್ಣದ ಮೇಣದ ಬಿಲ್ಲೆಗಳನ್ನೂ ಕಟ್ಟಿಕೊಂಡು ಊರಿಗೆ ಬಂದಿದ್ದರು.

ಬಂದ ಮರುದಿನ ನನ್ನ ಪ್ಲಾಂಟಿಗೆ ಬಂದು, ಕ್ರಷರ್‌ನಿಂದ ಬೀಳುತ್ತಿದ್ದ ಐಸ್ ಹುಡಿಯನ್ನು ಅಂಗೈಯಲ್ಲಿ ಹಿಡಿದು ಹಿಂಡಿ ನೋಡಿದರು.

"ಬಾವ, ನಿಮ್ಮಲ್ಲಿ ಹಿಮ ಉಂಟಲ್ಲ," ಎಂದರು.

ಪ್ಲಾಂಟಿನ ಧಣಿ ಬೇಡ ಎನ್ನಲಿಲ್ಲ. ಐಸ್ ಬ್ಲಾಕುಗಳನ್ನು ಕ್ರಷರಿಗೆ ಜಾರಿಸುವ ಹಲಗೆಯ ಇಳಿಜಾರು ಒಂದು ಬಳಕೆಯಲ್ಲಿರಲಿಲ್ಲ. ಅದರ ಮೇಲೆ, ಅದರ ಕೆಳಗಿನ ನೆಲದ ಮೇಲೆ ಗೋಡೆಯವರೆಗೂ, ಐಸ್ ಹುಡಿ ಹಾಕಿ ಮರದ ಕೊಡತಿಯಿಂದ ಬಡಿದು ಹಾದಿ ಮಾಡಿದೆವು. ಬಡಿದವರು ಹಮೀದಾಕ. ಐಸಿನ ಕ್ಯಾನುಗಳನ್ನು ಎತ್ತುವ ಕ್ರೇನಿನ ಕೆಲಸ ಅವರದ್ದು, ನನಗಿಂತ ಹಿರಿಯರು, ಮಾತು ಕಡಿಮೆ. ಎರಡು ಸ್ಕೀ ಹಲಗೆಗಳನ್ನು ಜೋಡಿಸಿ, ಮೇಲೆ ಬಲೆಗೆ ಕಟ್ಟುವ ಸೀಸದ ಗುಂಡುಗಳ ಚೀಲ ಬಿಗಿದು, ಒಂದು ಸಣ್ಣ ಜಾರುಬಂಡಿ ಮಾಡಿದೆವು. ಅದನ್ನು ಮೇಲ್ತುದಿಯಿಂದ ಬಿಡುವುದು. ದೂಡುವಂತಿಲ್ಲ, ಕೈ ತೆಗೆಯುವುದು ಮಾತ್ರ. ಎಲ್ಲಿ ನಿಲ್ಲುತ್ತದೋ ಅಲ್ಲಿ ಕಡ್ಡಿ ಊರುವುದು. ಒಂದೊಂದು ಮೇಣಕ್ಕೆ ಮೂರು ಸಲ ಬಿಡಬೇಕು, ಪ್ರತಿ ಸಲವೂ ಹಾದಿಯನ್ನು ಹೊಸದಾಗಿ ಬಡಿಯಬೇಕು. ಇದು ಬಾವನ ನಿಯಮ. ಒಂದು ಸಲ ದೂರ ಹೋದದ್ದು ಅದೃಷ್ಟ, ಮೂರು ಸಲ ಹೋದದ್ದು ಮೇಣ, ಎನ್ನುತ್ತಿದ್ದರು.

ಮೊದಲ ದಿನವೇ ಗುಲಾಬಿಯಕ್ಕ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಪ್ಲಾಂಟಿನ ಬಾಗಿಲ ಬದಿಯಲ್ಲಿ ಬುಟ್ಟಿ ಇಟ್ಟು ಮೀನು ಮಾರುವವರು. ರಜೆಯ ತಿಂಗಳುಗಳಲ್ಲಿ ನಾಡದೋಣಿಯ ಮೀನು, ಅದೂ ಇಲ್ಲದ ದಿನ ಒಣಮೀನು.

"ಇದೆಂತ ಯಶವಂತಣ್ಣ, ದೋಣಿಯಾ ಹುಟ್ಟಾ?"

ಕಾಲಿಗೆ ಕಟ್ಟಿಕೊಂಡು ಜಾರುವುದು ಎಂದು ಬಾವ ಹೇಳಿದರು.

"ದಕ್ಕೆಯಲ್ಲಿ ಜಾರಲಿಕ್ಕೆ ಹಲಗೆ ಬೇಕಾ? ಚಪ್ಪಲಿ ಸಾಕಾಗುದಿಲ್ವಾ?"

ಬಾವ ನಕ್ಕು ನಕ್ಕು ಕೆಮ್ಮಿದರು. ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಗುಲಾಬಿಯಕ್ಕ ಮುಂದೆ ತಮಾಷೆ ಮಾಡಲಿಲ್ಲ. ಆಮೇಲೆ ದಿನವೂ ಒಂದಿಷ್ಟು ಹೊತ್ತು ಬಂದು ಕಡ್ಡಿಗಳನ್ನು ನೋಡಿ ಹೋಗುತ್ತಿದ್ದರು.

ಆ ಮಳೆಗಾಲ ಹೀಗೆ ಕಳೆಯಿತು. ಹೊರಗೆ ಗಾಳಿ, ಹೊಳೆಯಲ್ಲಿ ಕೆಂಪು ನೀರು, ಒಳಗೆ ಬಾವ ಮೇಣ ಹಚ್ಚುವುದು, ಹಮೀದಾಕ ಐಸ್ ಬಡಿಯುವುದು, ನಾನು ಕೆಳತುದಿಯಲ್ಲಿ ನಿಂತು ಕಡ್ಡಿ ಊರುವುದು. ನೀಲಿ ಬಿಲ್ಲೆ ಹಚ್ಚಿದ್ದು ಇಳಿಜಾರಿನ ಬುಡದಲ್ಲೇ ನಿಂತುಬಿಟ್ಟಿತು. ಕೆಂಪು ತುಸು ಮುಂದೆ. ಹಸಿರು ಬಣ್ಣದ್ದು ಗಿಡದಿಂದ ತೆಗೆದ ಮೇಣವಂತೆ, ಮೊದಲ ಸಲ ಚೆನ್ನಾಗಿ ಓಡಿ ಮೂರನೆಯ ಸಲಕ್ಕೆ ಸವೆದುಹೋಯಿತು. ಹಂಪನಕಟ್ಟೆಯಿಂದ ಮೇಣದಬತ್ತಿ ತಂದು ಕರಗಿಸಿಯೂ ನೋಡಿದೆವು. ಗುಲಾಬಿಯಕ್ಕನ ಸಲಹೆಯಂತೆ ಬೂತಾಯಿ ಮೀನಿನ ಎಣ್ಣೆಯನ್ನೂ ಒಮ್ಮೆ ಸವರಿದೆವು. ಹಳೆಯ ಮರದ ದೋಣಿಗಳಿಗೆ ಅದನ್ನೇ ಬಳಿಯುತ್ತಿದ್ದದ್ದು ತಾನೇ. ಬಂಡಿ ಹೆಚ್ಚು ದೂರ ಹೋಗಲಿಲ್ಲ, ಆದರೆ ದಕ್ಕೆಯ ಬೆಕ್ಕುಗಳು ಎಲ್ಲ ಕಡೆಯಿಂದ ಬಂದವು. ಆ ಜೋಡಿ ಹಲಗೆಗಳನ್ನು ಸೋಡಾಪುಡಿ ಹಾಕಿ ಎರಡು ದಿನ ತೊಳೆಯಬೇಕಾಯಿತು.

ನಮ್ಮ ಐಸ್ ಸದಾ ಕರಗುವ ಅಂಚಿನಲ್ಲಿರುತ್ತದೆ. ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಅದು ಒಣಗಿರಲು ಸಾಧ್ಯವೇ ಇಲ್ಲ. ಮೊದಲು ಇದು ತೊಂದರೆ ಎಂದುಕೊಂಡಿದ್ದೆ. ಬಾವ ಅದೇ ಬೇಕಾದದ್ದು ಎಂದರು, ಹಳೆಯ ಮೇಣ ಗೆಲ್ಲುವುದೇ ಒದ್ದೆಯಲ್ಲಿ. ಜುಲೈ ಮೊದಲ ವಾರದಲ್ಲಿ ಒಂದು ದಿನ ಅವರು ಹಲಗೆಯ ತಳ ನೋಡುತ್ತ ಕುಳಿತಿದ್ದರು. ಒದ್ದೆ ನೆಲಕ್ಕೆ ಬಾಳೆಲೆ ಅಂಟಿಕೊಳ್ಳುವ ಹಾಗೆ ನುಣುಪಾದ ತಳ ನೀರಿಗೆ ಅಂಟಿಕೊಳ್ಳುತ್ತದೆ ಎಂದು ಅವರಿಗೆ ಹೊಳೆಯಿತು. ಹಲಗೆಗಳು ಬಾಡಿಗೆಯಲ್ಲಿ ಓಡಿ ಓಡಿ ಸವೆದು ಕನ್ನಡಿಯ ಹಾಗಾಗಿದ್ದವು. ತಳದ ಮೇಲೆ ಉದ್ದಕ್ಕೆ ಕೂದಲೆಳೆಯಂಥ ಗೀರುಗಳನ್ನು ಎಳೆದು, ನೀರು ಹರಿದುಹೋಗಲು ದಾರಿ ಮಾಡಿದರು. ಮೇಣವನ್ನು ತೆಳ್ಳಗೆ ಹಚ್ಚಿ, ಪೂರ್ತಿ ಹೆರೆದು, ಕೈ ಸೋಲುವವರೆಗೆ ಬ್ರಷ್ ಹಾಕಿದರು. ನಂತರ ಹಳದಿ ಬಣ್ಣದ ಒಂದು ಮೆತ್ತನೆಯ ಬಿಲ್ಲೆ, ಮೊದಲು ನಡುವೆ ಎಲ್ಲೋ ನಿಂತಿದ್ದದ್ದು, ಎಲ್ಲವನ್ನೂ ಹಿಂದೆ ಹಾಕಿ ಗೋಡೆಯ ಹತ್ತಿರ ಬಂದು ನಿಂತಿತು. ಮೂರು ಸಲವೂ ಅಲ್ಲಿಯೇ. ಆಮೇಲೆ ಬೇರೆ ಬೇರೆ ದಿನ ಬಿಟ್ಟರೂ ಅಲ್ಲಿಗೇ ಬಂತು. ಉಳಿದ ಕಡ್ಡಿಗಳನ್ನೆಲ್ಲ ಕಿತ್ತು ನಾನು ಆ ಒಂದನ್ನು ಮಾತ್ರ ಉಳಿಸಿದೆ, ಐಸ್ ಹೊಸದಾಗಿ ಹಾಕಿದಾಗಲೆಲ್ಲ ಗೋಡೆಯಿಂದ ಅಳೆದು ಅಲ್ಲೇ ಊರುತ್ತಿದ್ದೆ. ನನ್ನ ಎಡಗಾಲಿನ ಹತ್ತಿರ ಇದ್ದದ್ದು ಆ ಕಡ್ಡಿ.

ಇನ್ನು ಒಂದೇ ಬಾಕಿ ಇತ್ತು. ಡಬ್ಬಿಯ ಮೂಲೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹಳೆಯ ಮೇಣದ ತುಂಡು. ಅದನ್ನು ಬಾವ ಕೊನೆಯವರೆಗೂ ಮುಟ್ಟಿರಲಿಲ್ಲ. ಶಶಿ ಅದನ್ನು ಹೊಳೆಗೆಸೆಯಿರಿ ಎಂದಿದ್ದಳು. ಹೊಳೆಗೆ ಎಸೆಯುವಂಥದ್ದಲ್ಲ ಎಂದಿದ್ದರು ಬಾವ. ಮೇಲಿನವನಿಗೆ ಹಳದಿಯದ್ದು ಚೆನ್ನಾಗಿ ಓಡುತ್ತದೆ ಎಂದು ಹೇಳಿದರೆ ಸಾಲದೇ ಎಂದು ನಾನೂ ಕೇಳಿದೆ.

"ಹಳೆಯದು ಎಷ್ಟು ಓಡ್ತದೆ ಅಂತ ಗೊತ್ತಿಲ್ಲದೆ ಹೊಸದು ಸಾಕು ಅಂತ ಹೇಗೆ ಹೇಳುವುದು ಬಾವ? ಅವರು ಮೊದಲು ಕೇಳುವುದೇ ಅದನ್ನು. ಒಂದೇ ಸಲ ಹಚ್ಚುವುದು. ಮಾಸ್ಕ್ ಉಂಟು."

ಬುಧವಾರ ಬೆಳಿಗ್ಗೆ ಹಮೀದಾಕ ಹಾದಿ ಬಡಿದು ಸಿದ್ಧ ಮಾಡಿದರು. ಶುಕ್ರವಾರ ಬಾವ ಹೊರಡಬೇಕು. ಹಳೆಯ ಮೇಣದ ತುಂಡು ಕೈಗೆತ್ತಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು. ಎಲ್ಲಿಯೋ ಲೈನಿನ ಮೇಲೆ ಮರ ಬಿದ್ದಿದೆ, ಸಂಜೆಯವರೆಗೆ ಬರುವುದಿಲ್ಲ ಎಂದು ಸುದ್ದಿ ಬಂತು. ಜನರೇಟರಿನ ಡೀಸೆಲನ್ನು ನಾಡದೋಣಿಗಳ ಐಸಿಗೆಂದು ಉಳಿಸಿಡಲು ಧಣಿ ಹೇಳಿದ್ದರು. ಬಾವ ಗಲ್ಫಿನಿಂದ ತಂದಿದ್ದ ಇಸ್ತ್ರಿಪೆಟ್ಟಿಗೆಗೆ ಬಿಸಿ ಹೆಚ್ಚಾಗದ ಹಾಗೆ ಹಿಡಿದಿಡುವ ಗುಂಡಿ ಇತ್ತು. ಕರೆಂಟಿಲ್ಲದೆ ಅದು ಬರೀ ಕಬ್ಬಿಣ. ಹಾದಿ ಸಂಜೆಗೆ ಕರಗುತ್ತದೆ.

ಬಂದರಿನ ರಸ್ತೆಯಲ್ಲಿ ಲಾಂಡ್ರಿ ಇದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಊರಿಡೀ ಮಾಡುವುದನ್ನೇ ಬಾವನೂ ಮಾಡಿದರು. ಅಲ್ಲಿಂದ ಗೆರಟೆ ಕೆಂಡದ ಪೆಟ್ಟಿಗೆಯನ್ನು ಕೇಳಿ ತಂದರು. ಶಾಲೆಯ ಅಂಗಿಗೆ, ಮದುವೆಯ ಸೀರೆಗೆ ಎಲ್ಲರೂ ಹೀಗೆಯೇ ಮಾಡುವುದು. ನಮ್ಮಲ್ಲಿ ಯಾರಿಗೂ ಅದು ವಿಶೇಷ ಅನ್ನಿಸಲಿಲ್ಲ. ಬಾವನಿಗೂ ಅನ್ನಿಸಲಿಲ್ಲ. ಗಾಳಿ ಜೋರಿತ್ತು, ಬಾಗಿಲಲ್ಲಿ ನಿಂತರೆ ಕೆಂಡದ ಬೂದಿ ಹಾರಿ ಮೇಣಕ್ಕೆ ಹತ್ತುತ್ತದೆ ಎಂದು ಉಪ್ಪಿನ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಒಂದು ಕಿಟಕಿ ಇತ್ತು, ಎರಚಲಿಗೆ ಅದನ್ನೂ ಮುಚ್ಚಿದ್ದೆವು. ಪೆಟ್ಟಿಗೆಯ ಮೇಲೆ ನೀರು ಚಿಮುಕಿಸಿ ಬಿಸಿ ನೋಡಿದ ಶಬ್ದ ನನಗೆ ಹೊರಗೆ ಕೇಳಿಸಿತು. ಚುರ್ ಎಂದು, ಬಹಳ ಚುರುಕಾಗಿ.

ಬಾಗಿಲಿನ ಕೆಳಗಿನಿಂದ ಬಂದ ಹೊಗೆ ಬಿಳಿಯದ್ದು. ಗೆರಟೆಯ ವಾಸನೆಯ ಜೊತೆಗೆ ಇನ್ನೊಂದು ಇತ್ತು, ಮೂಗಿನ ಒಳಗೆ ಚುಚ್ಚುವಂಥದ್ದು. ಅದನ್ನು ಯಾವುದಕ್ಕೂ ಹೋಲಿಸಲಾರೆ. ಹಮೀದಾಕ ಕೊಡತಿ ಕೆಳಗೆ ಹಾಕಿ ಓಡಿ ಬಂದು ಬಾಗಿಲು ಎಳೆದರು. ಬಾವ ತಾವೇ ನಡೆದು ಹೊರಗೆ ಬಂದರು. ಇದನ್ನು ಸ್ಪಷ್ಟವಾಗಿ ನೆನಪಿಟ್ಟಿದ್ದೇನೆ, ಯಾಕೆಂದರೆ ಆಮೇಲೆ ಅವರನ್ನು ಎತ್ತಿಕೊಂಡು ಬಂದೆವು ಎಂದು ಮನೆಯಲ್ಲಿ ಕೆಲವರು ಹೇಳಿದ್ದುಂಟು. ಅದು ಸರಿಯಲ್ಲ. ನಡೆದು ಬಂದರು, ಹಲಗೆಗಳನ್ನು ಕೈಯಲ್ಲಿ ಹಿಡಿದುಕೊಂಡಿದ್ದರು, ಗೋಡೆಗೆ ಒರಗಿಸಿ ಇಟ್ಟರು. ಮಾಸ್ಕ್ ಮುಖದ ಮೇಲೇ ಇತ್ತು.

"ಆರಲಿ," ಎಂದರು. "ಆಮೇಲೆ ಹೆರೆಯುವ."

ಬಳಿಕ ನೆಲದ ಮೇಲೆ ಕುಳಿತರು. ಉಸಿರು ಒಳಗೆ ಹೋಗುತ್ತಿತ್ತು, ಹೋದಷ್ಟು ಹೊರಗೆ ಬರುತ್ತಿರಲಿಲ್ಲ. ತುಟಿಯ ಬಣ್ಣ ಬದಲಾಗುವುದನ್ನು ನಾನು ನೋಡಿದೆ. ಗುಲಾಬಿಯಕ್ಕ ಮಳೆಯಲ್ಲೇ ರಸ್ತೆಗೆ ಹೋಗಿ ಒಂದು ರಿಕ್ಷಾವನ್ನು ಅಡ್ಡ ನಿಂತು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಶಶಿ ವಾಮಂಜೂರಿನಿಂದ ಬಂದಳು. ನನ್ನ ಅಂಗಿಯ ತೋಳನ್ನು ಹಿಡಿದು ಮೂಸಿ ನೋಡಿ ಬಿಟ್ಟುಬಿಟ್ಟಳು. ಇಂದು ರಾತ್ರಿ ಕಳೆಯಬೇಕು, ಆಮೇಲೆ ಹೇಳಬಹುದು ಎಂದರು ಡಾಕ್ಟರರು.

ನಾನು ಪ್ಲಾಂಟಿಗೆ ಮರಳಿದ್ದು ಬೀಗ ಹಾಕಲು, ಬೇರೆ ಯಾವ ಯೋಚನೆಯೂ ಇರಲಿಲ್ಲ. ಆದರೆ ಹಾದಿಯ ಮೇಲೆ ಗೋಣಿ ಹಾಸಿ, ಕರಗದಂತೆ ಮರದ ಹುಡಿ ಮುಚ್ಚಲಾಗಿತ್ತು. ಹಮೀದಾಕ ಒಂದು ಮೂಲೆಯಲ್ಲಿ ಕುಳಿತು ಹಲಗೆಗಳನ್ನು ಹೆರೆದು ಮುಗಿಸಿ ಬ್ರಷ್ ಹಾಕುತ್ತಿದ್ದರು. ಒಂದೂವರೆ ತಿಂಗಳು ಬಾವ ಮಾಡುವುದನ್ನು ನೋಡಿದವರು, ಹಾಗೆಯೇ ಮಾಡುತ್ತಿದ್ದರು. ನಾನು ಬೇಡ ಎಂದೆ. ಇದನ್ನು ಈಗ ಓಡಿಸಿ ಯಾರಿಗೆ ಏನಾಗಬೇಕು ಎಂದೆ.

ಹಮೀದಾಕ ಬ್ರಷ್ ಹಾಕುತ್ತಲೇ ಇದ್ದರು. ಉತ್ತರ ಕೊಟ್ಟದ್ದು ಬಾಗಿಲಲ್ಲಿ ಬುಟ್ಟಿಯ ಹತ್ತಿರ ನಿಂತಿದ್ದ ಗುಲಾಬಿಯಕ್ಕ.

"ಅವರು ಎದೆ ಕೊಟ್ಟು ಹಚ್ಚಿದ್ದು ಮಾರಾಯ. ಓಡಿಸದೆ ಬಿಟ್ಟರೆ ಅದು ಎಂತಕ್ಕೆ?"

ಗೋಣಿ ತೆಗೆದೆವು. ಹಮೀದಾಕ ಹಾದಿ ಬಡಿದರು. ಸೀಸದ ಚೀಲ ಕಟ್ಟಿ ಬಂಡಿಯನ್ನು ತುದಿಗೇರಿಸಿದರು. ನಾನು ಕೆಳತುದಿಗೆ ಹೋಗಿ ನಿಂತೆ. ಗುಲಾಬಿಯಕ್ಕ ನನ್ನ ಎದುರಿಗೆ, ಹಾದಿಯ ಆಚೆ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. ಹಮೀದಾಕ ಕೈ ತೆಗೆದರು.

ಅದು ಸದ್ದು ಮಾಡಲಿಲ್ಲ. ಉಳಿದವುಗಳಿಗೆಲ್ಲ ಐಸಿನ ಮೇಲೆ ಸಣ್ಣ ಕರಕರ ಇರುತ್ತಿತ್ತು, ಇದಕ್ಕೆ ಇರಲಿಲ್ಲ. ಇಳಿಜಾರು ದಾಟಿತು, ಸಪಾಟಿಗೆ ಬಂತು, ನಿಧಾನವಾಯಿತು, ಕಡ್ಡಿಯನ್ನು ದಾಟಿತು. ದಾಟಿ ನಿಂತಿತು. ನಾನು ಬಗ್ಗಿ ಕಡ್ಡಿಯಿಂದ ಹಲಗೆಯ ಮೂತಿಯವರೆಗೆ ಕೈ ಇಟ್ಟೆ. ಹೆಬ್ಬೆರಳಿನಿಂದ ಕಿರುಬೆರಳು. ಒಂದು ಗೇಣು. ಬಾವನ ನಿಯಮದಂತೆ ಮತ್ತೆ ಬಡಿದು ಮತ್ತೆ ಬಿಟ್ಟೆವು. ಎರಡನೆಯ ಸಲವೂ ಗೇಣು. ಮೂರನೆಯ ಸಲ ಅದಕ್ಕಿಂತ ಒಂದು ಬೆರಳಿನಷ್ಟು ಕಡಿಮೆ. ಮೂವರೂ ನೋಡಿದೆವು. ಹಮೀದಾಕ ಹಲಗೆಗಳನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿದರು. ನಾನು ಬೀಗ ಹಾಕಿದೆ.

ರಾತ್ರಿ ಕಳೆಯಿತು. ಅದರ ಮರುದಿನವೂ ಕಳೆಯಿತು. ಬಾವ ಹೊರಡಬೇಕಿದ್ದ ಶುಕ್ರವಾರ ಅವರ ಮುಖದಿಂದ ಆಕ್ಸಿಜನ್ ಮಾಸ್ಕ್ ತೆಗೆದು ಮೂಗಿಗೆ ಸಣ್ಣ ನಳಿಗೆ ಇಟ್ಟರು. ಶಶಿ ಕಿತ್ತಳೆ ಸುಲಿಯುತ್ತಿದ್ದಳು. ಬಾವ ನನ್ನನ್ನು ಕಂಡ ಕೂಡಲೇ ಕೇಳಿದರು.

"ಓಡಿಸಿದ್ರಾ?"

ಓಡಿಸಿದೆವು ಎಂದೆ.

"ಎಷ್ಟು?"

ದಾರಿಯಲ್ಲಿ ಬರುವಾಗ ಇದಕ್ಕೆ ಏನು ಹೇಳಬೇಕೆಂದು ಯೋಚಿಸಿದ್ದೆ. ಸಮ ಬಂತು ಎಂದರೆ ಅವರು ಹಾಗೆಯೇ ಅಲ್ಲಿ ಹೇಳುತ್ತಾರೆ, ಕೆಲಸ ಉಳಿಯುತ್ತದೆ. ಆದರೆ ಅವರ ಎದುರಿಗೆ ನಿಂತಾಗ ನನಗೆ ಕಂಡದ್ದನ್ನು ಬಿಟ್ಟು ಬೇರೆ ಹೇಳಲು ಬರಲಿಲ್ಲ. ಹಾಸಿಗೆಯ ಬಟ್ಟೆಯ ಮೇಲೆ ಕೈ ಅಗಲಿಸಿ ಇಟ್ಟೆ.

"ಕಡ್ಡಿಯಿಂದ ಆಚೆಗೆ ಒಂದು ಗೇಣು. ಮೂರನೇ ಸಲ ಬೆರಳು ಕಮ್ಮಿ."

ಬಾವ ನನ್ನ ಕೈಯನ್ನು ನೋಡಿದರು. ನಂತರ ತಮ್ಮ ಕೈಯನ್ನು ಅದರ ಪಕ್ಕದಲ್ಲಿಟ್ಟು ಬೆರಳು ಅಗಲಿಸಿದರು. ಸೂಜಿ ಚುಚ್ಚಿದ ಕೈ ಅದು, ಪೂರ್ತಿ ಅಗಲವಾಗಲಿಲ್ಲ.

"ಇಷ್ಟೇಯಾ?"

"ಇಷ್ಟೇ."

"ಹನ್ನೆರಡು ವರ್ಷ, ಬಾವ," ಎಂದರು ಅವರು. "ಇಷ್ಟಕ್ಕೆ."

ಶಶಿ ಕಿತ್ತಳೆಯನ್ನು ತಟ್ಟೆಯಲ್ಲಿಟ್ಟು ಕಿಟಕಿಯ ಕಡೆಗೆ ತಿರುಗಿದಳು. ಹೊರಗೆ ಮಳೆ ಬಿಟ್ಟಿತ್ತು.

ಆ ದಿನವೇ ಅವರು ಮೇಲಿನವನಿಗೆ ವಿಡಿಯೋ ಕರೆ ಮಾಡಿಸಿದರು. ಫೋನು ಹಿಡಿದುಕೊಂಡವನು ನಾನು. ಹಳದಿ ಮೇಣದ ಬಗ್ಗೆ, ಗೀರುಗಳ ಬಗ್ಗೆ ತುಂಡು ತುಂಡಾಗಿ ಹೇಳಿದರು. ಎಷ್ಟು ಕಡಿಮೆ ಎಂದು ಆತ ಕೇಳಿದಾಗ ನಳಿಗೆಯ ಪಕ್ಕದಲ್ಲಿ ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದರು. ಆತ ಆ ಕೈಯನ್ನೂ ನಳಿಗೆಯನ್ನೂ ನೋಡಿದ.

ಬಾವ ಮರಳಿ ಹೋದದ್ದು ದೀಪಾವಳಿ ಕಳೆದ ಮೇಲೆ. ಆ ಹೊತ್ತಿಗೆ ಅಲ್ಲಿನ ಕೋಣೆಯಿಂದ ಹಳೆಯ ಮೇಣವನ್ನು ತೆಗೆಸಿದ್ದರು. ಹಳದಿಯದ್ದನ್ನು ಬೇರೊಬ್ಬ ಹಚ್ಚುತ್ತಾನೆ, ಬಾವ ಅವನಿಗೆ ಬ್ರಷ್ ಹಾಕುವುದನ್ನು ಕಲಿಸಿ, ಈಗ ಬೂಟುಗಳನ್ನು ಕೊಡುವ ಕೌಂಟರಿನಲ್ಲಿದ್ದಾರೆ. ಮಕ್ಕಳು ಜಾರುತ್ತಾರೆ. ಒಂದು ಗೇಣಿನ ಬಗ್ಗೆ ಯಾರೂ ದೂರಿಲ್ಲ ಎಂದು ಫೋನಿನಲ್ಲಿ ಹೇಳಿದರು. ರಜೆಗೆ ಬಂದಾಗ ವಾಮಂಜೂರಿನ ಮನೆಯ ಮಹಡಿ ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾರೆ. ನಾವು ಹಿಂದಿದ್ದವರೂ ನಿಲ್ಲುತ್ತೇವೆ.

ಆ ಸಂಜೆ ಐಸಿನ ಮೇಲೆ ಆದದ್ದನ್ನು ಬಾವ ಕಂಡಿಲ್ಲ, ನನ್ನ ಬಾಯಿಂದ ಕೇಳಿದ್ದು ಮಾತ್ರ. ಕಂಡವರು ನಾನಲ್ಲದೆ ಇಬ್ಬರು, ಇಬ್ಬರೂ ಇದ್ದಾರೆ. ಹಮೀದಾಕ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದವಾಗಿದೆ, ನೆನಪು ಮಂದವಾಗಿಲ್ಲ. ಗುಲಾಬಿಯಕ್ಕ ಈಗಲೂ ಪ್ಲಾಂಟಿನ ಬಾಗಿಲ ಬದಿಯಲ್ಲಿ ಬುಟ್ಟಿ ಇಟ್ಟು ಕೂರುತ್ತಾರೆ. ಕೇಳಿದರೆ ಮೀನಿನ ಕೈಯನ್ನು ಸೆರಗಿಗೆ ಒರೆಸಿ, ಬೆರಳು ಅಗಲಿಸಿ ತೋರಿಸುತ್ತಾರೆ. ಅವರ ಗೇಣು ನನ್ನದಕ್ಕಿಂತ ಚಿಕ್ಕದು.